ಕೊರಳಿನ ಅಳತೆ

ಮದುವೆಯಾಗಿ ಸಿವಾಸಿನ ಈ ಬೋಳು ಬಯಲಿಗೆ ಬಂದ ದಿನ
ಮಾವ ಹಿದಿರ್ ನನಗೆ ಬೀಗದಕೈ ಕೊಡಲಿಲ್ಲ.
ಕೊಟ್ಟದ್ದು ಒಂದು ಬಾನಿ, ಒಂದು ಮರದ ಸೌಟು.
"ನಾಯಿಗೆ ಅಂಬಲಿ ಇನ್ನು ನೀನೇ ಕಾಯಿಸು.
ಜವೆಗೋಧಿ ಹಿಟ್ಟು, ಮೊಸರು ಕಡೆದುಳಿದ ನೀರು,
ಬೆರಳು ತಡೆಯುವಷ್ಟೇ ಬಿಸಿ.
ಅದು ನಿನ್ನ ಕೈ ಒಪ್ಪಿದ ಮೇಲೆ
ನೀನು ಈ ಮನೆಯವಳು."

ಹೊಸ್ತಿಲಿಗೆ ಅಡ್ಡ ಮಲಗಿತ್ತು ದುಮಾನ್.
ಹೆಸರಿಗೆ ಹೊಗೆ, ಆದರೆ ಬಂಡೆಯ ಭಾರ;
ಒಣಹುಲ್ಲಿನ ಬಣ್ಣದ ಮೈ,
ಮಸಿಗಡಿಗೆಗೆ ಅದ್ದಿ ತೆಗೆದಂಥ ಮೂತಿ.
ಬೊಗಳಲಿಲ್ಲ. ಎದ್ದು
ನನಗೂ ಕುರಿದೊಡ್ಡಿಗೂ ನಡುವೆ ನಿಂತಿತು, ಅಷ್ಟೆ.
ಹತ್ತೊಂಬತ್ತು ದಿನ ಹಾಗೇ ನಿಂತಿತು.
ಇಪ್ಪತ್ತಕ್ಕೆ ನನ್ನ ಲಂಗದ ಅಂಚು ಮೂಸಿ
ಪಕ್ಕಕ್ಕೆ ಸರಿಯಿತು.
ನನ್ನನ್ನು ಒಪ್ಪುವ ಮುನ್ನ
ಗಂಡನೂ ಇಷ್ಟು ಯೋಚಿಸಿರಲಿಲ್ಲ.

ಮಾವ ಕಲಿಸಿದ್ದು ಬಿಡಿಬಿಡಿಯಾಗಿ,
ಹೊಗೆಸೊಪ್ಪು ಸುತ್ತುವ ಬಿಡುವಿನಲ್ಲಿ:
ಮರಿಗೆ ವರ್ಷ ತುಂಬುವ ತನಕ ಬೆಟ್ಟ ಹತ್ತಿಸಬೇಡ,
ಅದರ ಎಲುಬು ಇನ್ನೂ ಹಾಲು.
ಮೀಸಬೇಡ. ಬಿಸಿಲೆಂದು ಕತ್ತರಿ ಹಿಡಿಯಬೇಡ,
ಬಿಸಿಲನ್ನೂ ತಡೆಯುವುದು ಅದೇ ತುಪ್ಪಳ.
ಉಣ್ಣೆ ಕೀಳಬೇಡ, ಉಣ್ಣಿ ಕೀಳು,
ಕಿವಿಯ ಹಿಂದೆ, ಬೆರಳಸಂದಿಯಲ್ಲಿ.
ಸರಪಳಿ ಬಿಗಿದರೆ ಕಾಯುವುದನ್ನು ಮರೆತು
ಕಚ್ಚುವುದನ್ನು ಕಲಿಯುತ್ತದೆ, ಮನುಷ್ಯನ ಹಾಗೆ.
ಬಾಲದ ಡೊಂಕು ತಿದ್ದಲು ಹೋಗಬೇಡ,
ಓದಲು ಕಲಿ:
ಇಳಿಬಿದ್ದಿದ್ದರೆ ನೀನೂ ಮಲಗು,
ಬೆನ್ನ ಮೇಲೆ ಚಕ್ರ ಸುತ್ತಿತೋ
ತೋಳ ಇಳಿಜಾರಿನಲ್ಲಿದೆ.

ಒಮ್ಮೆ ಅಂಕಾರಾದಿಂದ ಕಾರು ಬಂತು, ಹೊಳೆವ ಬೂಟು.
ವಂಶಾವಳಿ ಇದೆಯೇ, ಎಷ್ಟು ತಲೆಮಾರು, ಮೊಹರು ಬಿದ್ದಿದೆಯೇ?
ಸುಲ್ತಾನನ ದಂಡಿನ ಹಿಂದೆ ಬಂದ ತಳಿಯಂತೆ,
ಅಲ್ಲ, ಅದಕ್ಕೂ ಮೊದಲೇ
ಮೂಡಲಿಂದ ಡೇರೆಗಳ ಜೊತೆ ನಡೆದು ಬಂದದ್ದಂತೆ.
ಅವನೇ ಹೇಳಿದ, ಅವನೇ ಬರೆದುಕೊಂಡ.
ಮಾವ ಕೊನೆಗೆ ಬಾಯಿಬಿಟ್ಟರು:
"ದಾಖಲೆ ತೋಳದ ಹತ್ತಿರ ಇದೆ.
ಹೋಗಿ ಕೇಳು."

ಗೋಡೆಯ ಮೊಳೆಗೆ ಕಬ್ಬಿಣದ ಕೊರಳಪಟ್ಟಿ,
ಬೆರಳುದ್ದದ ಹನ್ನೊಂದು ಮುಳ್ಳು,
ತೋಳದ ಹಲ್ಲು ಗಂಟಲಿಗೆ ಇಳಿಯದಂತೆ.
ಬಡಿದವನು ಇದೇ ಊರಿನ ಕಮ್ಮಾರ, ಹಗೋಪ್ ಉಸ್ತಾದ.
ಅವನ ಮನೆ ಯಾವುದು ಅಂದೆ.
ಮಾವ ಬಹಳ ಹೊತ್ತು ಸುತ್ತಿದರು, ಹಚ್ಚಲಿಲ್ಲ.
"ನಮ್ಮಜ್ಜನ ಕಾಲದ ಮಾತು. ಆ ಬೇಸಿಗೆ
ಅವರ ನಾಯಿಗಳು ಹೊಸ್ತಿಲು ಬಿಟ್ಟು ಕದಲಲಿಲ್ಲವಂತೆ.
ಒಳಗೆ ಯಾರೂ ಇರಲಿಲ್ಲ."
ಮತ್ತೆ ನಾನು ಕೇಳಲಿಲ್ಲ.
ಪಟ್ಟಿಗೆ ಎಣ್ಣೆ ಸವರುವಾಗ ಮಾತ್ರ
ಒಳಬದಿಯ ಸುತ್ತಿಗೆ ಗುರುತುಗಳ ಮೇಲೆ
ಬೆರಳು ನಿಧಾನವಾಗುತ್ತದೆ.

ಮಾವ ಹೋಗಿ ಮೂರು ಚಳಿಗಾಲ.
ದುಮಾನಿಗೆ ಈಗ ಹನ್ನೆರಡು. ಉಳಿದದ್ದು ಒಂದು ಕೋರೆ,
ಒಂದು ಕಣ್ಣಿಗೆ ಹಾಲುಪೊರೆ.
ಅಂಬಲಿ ತೆಳ್ಳಗೆ ಮಾಡುತ್ತೇನೆ, ಚೂರು ಬೆಣ್ಣೆ ಕದ್ದು ಹಾಕುತ್ತೇನೆ.
ದೊಡ್ಡಿ ಈಗ ಅದರ ಮೊಮ್ಮಗ ಚಾಕಿರನದು.
ನಿನ್ನೆ ಸಂಜೆ ಮೊದಲ ಸಲ
ಪಟ್ಟಿಯನ್ನು ಚಾಕಿರನಿಗೆ ಬಿಗಿದೆ.

ತಿರುಗಿದರೆ ದುಮಾನ್,
ಎಂದಿನ ಹೊತ್ತಿಗೆ ಎಂದಿನ ಜಾಗದಲ್ಲಿ
ಕೊರಳು ಒಡ್ಡಿ ನಿಂತಿದೆ.

ನನ್ನ ಕೈಯಲ್ಲಿ ಏನೂ ಇರಲಿಲ್ಲ.
ಕೈಯನ್ನೇ ಸುತ್ತಿದೆ.
ಬಂದ ವರ್ಷ ನನ್ನ ಎರಡು ಗೇಣಿಗೂ ನಿಲುಕದ ಕೊರಳು,
ಬೆರಳಿಗೆ ಬೆರಳು ಕೂಡಿ
ಇನ್ನೂ ಜಾಗ ಉಳಿಯಿತು.
ನಾಲಿಗೆಯಿಂದ ಕೊಂಡಿ ಬಿದ್ದ ಸದ್ದು ಮಾಡಿದೆ: ಟಕ್.

ನಂಬಿತೋ,
ನನ್ನ ಮಾನ ಉಳಿಸಲು ನಂಬಿದಂತೆ ಮಾಡಿತೋ,
ದೊಡ್ಡಿಯ ಕಡೆ ನಡೆಯಿತು,
ಬಾಲ
ಅರ್ಧ ಡೊಂಕಾಗಿ.